ಅಚ್ಚು ತೆಗೆಸಿ ಮಾಡಿಸುವ ಇನ್ಸೋಲ್: ಯಾರಿಗೆ ಬೇಕು, ಹೇಗೆ ಮಾಡಿಸಬೇಕು, ಕಾಲಿಗೆ ಹೇಗೆ ರೂಢಿಸಬೇಕು

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟ ಕೂಡಲೇ ಹಿಮ್ಮಡಿಗೆ ಮೊಳೆ ಹೊಡೆದಂತೆ ನೋವು. ಹತ್ತಿಪ್ಪತ್ತು ಹೆಜ್ಜೆ ನಡೆದರೆ ಸ್ವಲ್ಪ ತಗ್ಗುತ್ತದೆ. ಸ್ವಲ್ಪ ಹೊತ್ತು ಕೂತು ಎದ್ದರೆ ಮತ್ತೆ ಅದೇ ಕಥೆ. ಈ ನೋವು ನನ್ನನ್ನು ಎಂಟು ತಿಂಗಳು ಕಾಡಿತು. ಕೊನೆಗೆ ಪಾದದ ಅಚ್ಚು ತೆಗೆಸಿ ಇನ್ಸೋಲ್ ಮಾಡಿಸಿಕೊಂಡೆ. ಎರಡೇ ವಾರದಲ್ಲಿ ಅದು ಬೀರು ಸೇರಿತು.

ಆ ಇನ್ಸೋಲ್ ಕೆಟ್ಟದ್ದಾಗಿರಲಿಲ್ಲ. ಯಾವ ಶೂ ಒಳಗೆ ಹಾಕುತ್ತೀರಿ ಅಂತ ಮಾಡಿಕೊಟ್ಟವರು ಕೇಳಲಿಲ್ಲ, ಕೇಳಬೇಕು ಅಂತ ನನಗೂ ತಿಳಿದಿರಲಿಲ್ಲ. ತಂದ ಮೊದಲ ದಿನವೇ ಬೆಳಿಗ್ಗೆಯಿಂದ ರಾತ್ರಿಯವರೆಗೆ ಹಾಕಿಕೊಂಡೆ. ಕಮಾನಿನ ಹತ್ತಿರ, ಅಂದರೆ ಅಂಗಾಲಿನ ನಡುವೆ ನೆಲದಿಂದ ಮೇಲೆದ್ದಿರುವ ಜಾಗದಲ್ಲಿ ಒತ್ತಿದಾಗ, ಇದು ನನಗೆ ಆಗಿಬರುವುದಿಲ್ಲ ಅಂತ ತೀರ್ಮಾನಿಸಿಬಿಟ್ಟೆ. ಆರು ತಿಂಗಳ ನಂತರ ಬೇರೊಬ್ಬ ತಜ್ಞರು ಅದೇ ಜೋಡಿಯನ್ನು ನೋಡಿ, ಅಂಚನ್ನು ಎರಡು ಮಿಲಿಮೀಟರ್ ಉಜ್ಜಿ ತೆಗೆದು, ಬೇರೆ ಶೂ ಹಾಕಿಸಿದರು. ಆಮೇಲೆ ಅದೇ ಇನ್ಸೋಲ್ ಕೆಲಸ ಮಾಡಿತು.

ಹಾಗಾಗಿ ಇನ್ಸೋಲ್ ಕೈಗೆ ಬಂದ ದಿನ ಕೆಲಸ ಅರ್ಧ ಮಾತ್ರ ಮುಗಿದಿರುತ್ತದೆ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಉಳಿದರ್ಧ ಶೂ, ರೂಢಿ ಮತ್ತು ತಿದ್ದುವಿಕೆಯಲ್ಲಿದೆ. ಆ ಅರ್ಧವನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ.

ಇನ್ಸೋಲ್ ನಿಜಕ್ಕೂ ಏನು ಮಾಡುತ್ತದೆ

ಒಂದೊಂದು ಪಾದದಲ್ಲೂ 26 ಮೂಳೆಗಳು, 33 ಕೀಲುಗಳು ಇವೆ. ನಡೆಯುವಾಗ ಪಾದ ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸ ಮಾಡಬೇಕು. ಹಿಮ್ಮಡಿ ನೆಲಕ್ಕೆ ತಾಗಿದಾಗ ಸಡಿಲವಾಗಿ, ನೆಲಕ್ಕೆ ಹೊಂದಿಕೊಂಡು, ಏಟನ್ನು ನುಂಗಬೇಕು. ಅರೆಕ್ಷಣದಲ್ಲೇ ಬಿಗಿಯಾಗಿ, ಸನ್ನೆಗೋಲಿನ ಹಾಗೆ ಇಡೀ ಮೈಯನ್ನು ಮುಂದಕ್ಕೆ ತಳ್ಳಬೇಕು.

ಇದು ಹೇಗೆ ಸಾಧ್ಯ ಅಂತ ನೀವೇ ನೋಡಬಹುದು. ಕುರ್ಚಿಯ ಮೇಲೆ ಕೂತು, ಪಾದ ನೆಲದ ಮೇಲಿಟ್ಟು, ಕಾಲಿನ ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆ ಎತ್ತಿ. ಪಾದದ ಕಮಾನು ತಾನಾಗಿ ಮೇಲೇಳುತ್ತದೆ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಅದರ ಹೆಸರು ಪ್ಲಾಂಟರ್ ಫ್ಯಾಸಿಯಾ. ಬೆರಳು ಎತ್ತಿದಾಗ ಆ ಪಟ್ಟಿ ಬಿಗಿಯುತ್ತದೆ, ಕಮಾನನ್ನು ಎಳೆದು ನಿಲ್ಲಿಸುತ್ತದೆ. 1954ರಲ್ಲಿ ಹಿಕ್ಸ್ ಎಂಬ ಸಂಶೋಧಕರು ಇದನ್ನು ರಾಟೆಗೆ ಹಗ್ಗ ಸುತ್ತುವುದಕ್ಕೆ ಹೋಲಿಸಿ ವಿವರಿಸಿದರು. ನಾವು ಇಡುವ ಪ್ರತಿ ಹೆಜ್ಜೆಗೂ ಈ ಹಗ್ಗ ಬಿಗಿಯುತ್ತದೆ, ಸಡಿಲವಾಗುತ್ತದೆ. ಬಹಳ ಜನರ ಹಿಮ್ಮಡಿ ನೋವು ಶುರುವಾಗುವುದು ಈ ಹಗ್ಗ ಮೂಳೆಗೆ ಅಂಟಿಕೊಂಡ ಜಾಗದಲ್ಲಿ.

ಇನ್ಸೋಲ್ ಮೂಳೆಯನ್ನು ಶಾಶ್ವತವಾಗಿ ಬೇರೆ ಜಾಗಕ್ಕೆ ಕೂರಿಸುವುದಿಲ್ಲ. ಇಲ್ಲದ ಕಮಾನನ್ನು ಹುಟ್ಟಿಸುವುದೂ ಇಲ್ಲ. ಅದು ಮಾಡುವುದು ಭಾರದ ಹಂಚಿಕೆ. ತುಂಬಿದ ಬಕೆಟ್‌ನ ಹಿಡಿಕೆ ಕೈಗೆ ಕೊರೆಯುವಾಗ ಬಟ್ಟೆ ಸುತ್ತಿ ಹಿಡಿಯುತ್ತೇವೆ, ಅಲ್ವಾ? ನೀರು ಒಂದು ತೊಟ್ಟೂ ಕಡಿಮೆ ಆಗಿರುವುದಿಲ್ಲ. ಆದರೆ ಭಾರ ಅಂಗೈ ತುಂಬ ಹರಡಿರುತ್ತದೆ. ಇನ್ಸೋಲ್ ಮಾಡುವುದೂ ಅದನ್ನೇ. ನೋಯುವ ಜಾಗದ ಭಾರವನ್ನು ನೋಯದ ಜಾಗಕ್ಕೆ ವರ್ಗಾಯಿಸುತ್ತದೆ. ಜೊತೆಗೆ ಪಾದ ಒಳಕ್ಕೋ ಹೊರಕ್ಕೋ ವಾಲುವ ವೇಗವನ್ನು ಸ್ವಲ್ಪ ತಡೆಯುತ್ತದೆ.

ಗಟ್ಟಿ ಇನ್ಸೋಲ್‌ಗಳನ್ನು ಪಾಲಿಪ್ರೊಪಿಲೀನ್ ಅಥವಾ ಕಾರ್ಬನ್ ಫೈಬರ್‌ನಿಂದ ಮಾಡುತ್ತಾರೆ. ಅವು ಪಾದದ ಚಲನೆಗೆ ಕಡಿವಾಣ ಹಾಕುತ್ತವೆ. ಮೆತ್ತಗಿನವನ್ನು ಇವಿಎ ಫೋಮ್‌ನಂಥ ವಸ್ತುಗಳಿಂದ ಮಾಡುತ್ತಾರೆ. ಅವು ಒತ್ತಡ ಹಂಚುತ್ತವೆ, ಚರ್ಮವನ್ನು ಕಾಯುತ್ತವೆ. ಮೆತ್ತಗಿದ್ದಷ್ಟೂ ಒಳ್ಳೆಯದು ಅಂತ ಅನಿಸುವುದು ಸಹಜ, ಆದರೆ ಅದು ಎಲ್ಲರಿಗೂ ಸರಿಯಲ್ಲ. ತುಂಬಾ ಮೆತ್ತಗಿದ್ದರೆ ಅದು ಭಾರಕ್ಕೆ ಪೂರ್ತಿ ಅಮುಕಿಹೋಗುತ್ತದೆ, ಕಮಾನಿಗೆ ಆಸರೆಯೇ ಸಿಗುವುದಿಲ್ಲ.

ಮೊದಲ ಹೆಜ್ಜೆ: ನೋವು ಎಲ್ಲಿ, ಯಾವಾಗ ಅಂತ ಬರೆದಿಡಿ

ತಜ್ಞರ ಹತ್ತಿರ ಹೋಗುವ ಮುಂಚೆ ಒಂದು ವಾರ ಇದನ್ನು ಮಾಡಿ. ಒಂದು ಹಾಳೆಯ ಮೇಲೆ ಪಾದ ಇಟ್ಟು ಸುತ್ತ ಗೆರೆ ಎಳೆಯಿರಿ. ನೋಯುವ ಜಾಗಕ್ಕೆ ಒಂದೇ ಬೆರಳಿನಿಂದ ಒತ್ತಿ ನೋಡಿ, ಹಾಳೆಯಲ್ಲಿ ಅಲ್ಲಿ ಗುರುತು ಹಾಕಿ. ಪಕ್ಕದಲ್ಲಿ ಯಾವ ಹೊತ್ತಿಗೆ ಜಾಸ್ತಿ, ಯಾವ ಚಪ್ಪಲಿ ಅಥವಾ ಶೂ ಹಾಕಿದ್ದಿರಿ ಅಂತ ಬರೆಯಿರಿ. "ಕಾಲು ನೋವು" ಅಂದರೆ ತಜ್ಞರಿಗೆ ಏನೂ ತಿಳಿಯುವುದಿಲ್ಲ. ಈ ಹಾಳೆ ಬಹಳಷ್ಟು ಹೇಳುತ್ತದೆ.

ಹಿಮ್ಮಡಿಯ ಅಡಿಯಲ್ಲಿ, ಒಳಬದಿಗೆ ನೋವಿದ್ದು, ಬೆಳಗಿನ ಮೊದಲ ಹೆಜ್ಜೆಗೆ ಅತಿ ಹೆಚ್ಚು ಇದ್ದರೆ ಅದು ಬಹುತೇಕ ಪ್ಲಾಂಟರ್ ಫ್ಯಾಸೈಟಿಸ್, ಅಂದರೆ ಮೇಲೆ ಹೇಳಿದ ಅಂಗಾಲಿನ ಪಟ್ಟಿಯ ತೊಂದರೆ. ಹತ್ತರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ಬರುತ್ತದೆ ಅನ್ನುವುದು ಒಂದು ಅಂದಾಜು. 40ರಿಂದ 60 ವರ್ಷದವರಲ್ಲಿ ಜಾಸ್ತಿ. ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆ ಮುಳ್ಳಿನ ಹಾಗೆ ಬೆಳೆದಿದೆ ಅಂತ ಹೇಳಿದರೆ ಗಾಬರಿಯಾಗಬೇಡಿ. ಯಾವ ನೋವೂ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಆ ಮುಳ್ಳು ಕಾಣುತ್ತದೆ. ಇಲ್ಲಿ ಇನ್ಸೋಲ್ ಕಮಾನಿಗೆ ಆಸರೆ ಕೊಟ್ಟು ಪಟ್ಟಿಯ ಮೇಲಿನ ಎಳೆತ ಕಡಿಮೆ ಮಾಡುತ್ತದೆ, ಬಟ್ಟಲಿನಂಥ ಹಿಂಭಾಗದಿಂದ ಹಿಮ್ಮಡಿಯ ಕೊಬ್ಬನ್ನು ಒಟ್ಟಿಗೆ ಹಿಡಿದಿಡುತ್ತದೆ.

ಬೆರಳುಗಳ ಬುಡದ ಕೆಳಗೆ, ಪಾದದ ಮುಂಭಾಗದ ದಿಂಬಿನಲ್ಲಿ ನೋವಿದ್ದರೆ ಅದನ್ನು ಮೆಟಟಾರ್ಸಾಲ್ಜಿಯಾ ಅನ್ನುತ್ತಾರೆ. ಅಲ್ಲಿ ಗಟ್ಟಿ ಚರ್ಮವೋ ಆಣಿಯೋ ಕಟ್ಟಿರುವುದು ಸಾಮಾನ್ಯ. ಇದಕ್ಕೆ ಇನ್ಸೋಲ್ ಮೇಲೆ ಹನಿಯಾಕಾರದ ಒಂದು ಪುಟ್ಟ ದಿಂಬು ಅಂಟಿಸುತ್ತಾರೆ. ಅದು ನೋಯುವ ಜಾಗದ ಕೆಳಗೆ ಬರಬಾರದು, ಅದರ ಸ್ವಲ್ಪ ಹಿಂದೆ ಬರಬೇಕು. ಹಿಂದಿನಿಂದ ಮೂಳೆಗಳನ್ನು ಎತ್ತಿ ಹಿಡಿದಾಗ ಮುಂದಿನ ತುದಿಗಳ ಭಾರ ಇಳಿಯುತ್ತದೆ. ಕೆಲವೇ ಮಿಲಿಮೀಟರ್ ಮುಂದೆ ಹೋದರೂ ನೋವು ಇನ್ನಷ್ಟು ಹೆಚ್ಚುತ್ತದೆ. ಮೂರನೇ ಮತ್ತು ನಾಲ್ಕನೇ ಬೆರಳಿನ ನಡುವೆ ಉರಿ, ಜೋಮು, ಶೂ ಒಳಗೆ ಸಣ್ಣ ಕಲ್ಲು ಸಿಕ್ಕಿಕೊಂಡ ಹಾಗೆ ಅನಿಸುವುದು ಇದ್ದರೆ ನರದ ತೊಂದರೆ ಇರಬಹುದು. ಮಾರ್ಟನ್ಸ್ ನ್ಯೂರೋಮಾ ಅಂತ ಅದರ ಹೆಸರು. ಅದಕ್ಕೆ ಮೊದಲ ಮದ್ದು ಮುಂಭಾಗ ಅಗಲವಿರುವ ಶೂ.

ಚಪ್ಪಟೆ ಪಾದದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಸುಮ್ನೆ ಹೆದರಿಕೊಂಡು ದುಡ್ಡು ಕಳೆದುಕೊಳ್ಳುವವರು ಇಲ್ಲೇ ಜಾಸ್ತಿ. ಒದ್ದೆ ಕಾಲನ್ನು ಒಣ ನೆಲದ ಮೇಲಿಟ್ಟಾಗ ಪಾದದ ಪೂರ್ತಿ ಗುರುತು ಬಿದ್ದರೆ ಕಮಾನು ತಗ್ಗಿದೆ ಅಂತ ಅರ್ಥ. ಅಷ್ಟೇ ಅರ್ಥ, ರೋಗ ಅಂತಲ್ಲ. ಈಗ ತುದಿಗಾಲಲ್ಲಿ ನಿಂತು ಯಾರಿಂದಾದರೂ ಹಿಂದಿನಿಂದ ನೋಡಿಸಿ. ಕಮಾನು ಮೂಡಿ, ಹಿಮ್ಮಡಿ ಒಳಕ್ಕೆ ತಿರುಗಿದರೆ ಅದು ಬಾಗುವ ಚಪ್ಪಟೆ ಪಾದ. ನೋವಿಲ್ಲ, ಬೇಗ ಸುಸ್ತಾಗುವುದಿಲ್ಲ, ಓಡಾಟಕ್ಕೆ ತೊಂದರೆ ಇಲ್ಲ ಅಂದರೆ ಅದಕ್ಕೆ ಇನ್ಸೋಲ್ ಬೇಕಾಗಿಲ್ಲ. ಕೆಲವರ ಮೂಗು ಚಪ್ಪಟೆ ಇರುವ ಹಾಗೆ ಕೆಲವರ ಪಾದವೂ ಚಪ್ಪಟೆ ಇರುತ್ತದೆ. ಆದರೆ ಮುಂಚೆ ಸರಿಯಿದ್ದ ಕಮಾನು ದೊಡ್ಡವರಾದ ಮೇಲೆ ಒಂದೇ ಕಾಲಿನಲ್ಲಿ ಕುಸಿಯುತ್ತಾ ಬಂದರೆ, ಕಾಲಿನ ಗಿಣ್ಣಿನ ಒಳಬದಿಯ ಮೂಳೆಯ ಹಿಂದೆ ನೋವು, ಊತ ಇದ್ದರೆ, ಆ ಒಂದೇ ಕಾಲಿನ ಮೇಲೆ ಹಿಮ್ಮಡಿ ಎತ್ತಿ ನಿಲ್ಲಲು ಆಗದಿದ್ದರೆ ತಡಮಾಡಬೇಡಿ. ಕಮಾನನ್ನು ಹಿಡಿದಿಡುವ ಸ್ನಾಯುರಜ್ಜು ಸೋಲುತ್ತಿರಬಹುದು. ಬೇಗ ಹೋದರೆ ಇನ್ಸೋಲ್ ಮತ್ತು ವ್ಯಾಯಾಮದಲ್ಲಿ ಹತೋಟಿಗೆ ತರಬಹುದು, ತಡವಾದರೆ ಆಪರೇಷನ್ ಮಾತು ಬರುತ್ತದೆ.

ಕಮಾನು ತುಂಬಾ ಎತ್ತರ ಇರುವವರಿಗೆ ಭಾರವೆಲ್ಲ ಹಿಮ್ಮಡಿ ಮತ್ತು ಮುಂಪಾದದ ಮೇಲೆ ಬೀಳುತ್ತದೆ. ನಡು ಭಾಗ ಗಾಳಿಯಲ್ಲಿ ತೇಲುತ್ತಿರುತ್ತದೆ. ಅಂಗಾಲಿಗೆ ಪೂರ್ತಿ ತಾಗುವ ಹಾಗೆ ಅಚ್ಚು ತೆಗೆದು ಮಾಡಿದ ಇನ್ಸೋಲ್‌ನಿಂದ ಲಾಭ ಚೆನ್ನಾಗಿ ಕಂಡುಬಂದಿರುವುದು ಇಂಥ ನೋಯುವ ಎತ್ತರದ ಕಮಾನಿನವರಲ್ಲಿ. ಆದರೆ ಕಮಾನು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿದ್ದರೆ ಮೊದಲು ನರರೋಗ ವೈದ್ಯರಿಗೆ ತೋರಿಸಿ.

ಹೆಬ್ಬೆರಳ ಬುಡದ ಗಂಟು, ಅಂದರೆ ಬನಿಯನ್, ಇನ್ಸೋಲ್‌ನಿಂದ ನೆಟ್ಟಗಾಗುವುದಿಲ್ಲ. ಹಾಗೆ ಮಾತು ಕೊಡುವವರನ್ನು ನಂಬಬೇಡಿ. ನೋವು ತಗ್ಗಬಹುದು, ಅದೂ ಅಗಲದ ಶೂ ಜೊತೆಗೆ ಮಾತ್ರ. ಹಿಮ್ಮಡಿಯ ಹಿಂದೆ, ಅಕಿಲಿಸ್ ಸ್ನಾಯುರಜ್ಜು ನೋಯುವವರಿಗೆ ಹಿಮ್ಮಡಿಯನ್ನು ಕೆಲವು ಮಿಲಿಮೀಟರ್ ಎತ್ತರಿಸಿದರೆ ಸದ್ಯಕ್ಕೆ ಆರಾಮ ಸಿಗುತ್ತದೆ.

ಪಾದ ಕೆಂಪಾಗಿ ಬಿಸಿಯಾಗಿ ಊದಿಕೊಂಡಿದ್ದರೆ, ಗಾಯ ಇದ್ದರೆ, ಜ್ವರ ಇದ್ದರೆ, ಮಲಗಿದಾಗಲೂ ನೋವು ನಿಲ್ಲದಿದ್ದರೆ, ಹಿಂಭಾಗದಲ್ಲಿ ಏನೋ ಪಟ್ ಅಂತ ಕಡಿದ ಹಾಗಾಗಿದ್ದರೆ, ಮೂಳೆಯ ಒಂದೇ ಬಿಂದುವಿನಲ್ಲಿ ಒತ್ತಿದರೆ ಜೀವ ಹೋಗುವಷ್ಟು ನೋವಾದರೆ ಇನ್ಸೋಲ್ ಯೋಚನೆ ಬಿಡಿ. ಅವತ್ತೇ ವೈದ್ಯರ ಹತ್ತಿರ ಹೋಗಿ.

ಎರಡನೇ ಹೆಜ್ಜೆ: ಅಚ್ಚಿನ ಇನ್ಸೋಲೇ ಬೇಕಾ, ರೆಡಿಮೇಡ್ ಸಾಕಾ?

ಇದನ್ನು ಪ್ರಾಮಾಣಿಕವಾಗಿ ಹೇಳಲೇಬೇಕು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ಲಾಂಟರ್ ಫ್ಯಾಸೈಟಿಸ್ ಇದ್ದ 135 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಹೆಸರಿಗಷ್ಟೇ ಇನ್ಸೋಲ್, ಒಂದಕ್ಕೆ ರೆಡಿಮೇಡ್, ಒಂದಕ್ಕೆ ಅಚ್ಚು ತೆಗೆದು ಮಾಡಿದ್ದು. ಮೂರು ತಿಂಗಳಲ್ಲಿ ರೆಡಿಮೇಡ್ ಮತ್ತು ಅಚ್ಚಿನದು ಎರಡೂ ಓಡಾಟಕ್ಕೆ ಸ್ವಲ್ಪ ಅನುಕೂಲ ಮಾಡಿಕೊಟ್ಟವು. ಇವೆರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತವು.

ನನ್ನ ಸಲಹೆ ಇಷ್ಟು. ಸಾಮಾನ್ಯ ಹಿಮ್ಮಡಿ ನೋವಿಗೆ ಮೊದಲು ಒಳ್ಳೆಯ ರೆಡಿಮೇಡ್ ಇನ್ಸೋಲ್ ತಂದು ಆರರಿಂದ ಎಂಟು ವಾರ ಹಾಕಿ ನೋಡಿ. ಕೊಳ್ಳುವಾಗ ಕಮಾನಿನ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ. ಪೂರ್ತಿ ಕುಸಿದರೆ ಅದು ಬರೀ ಹಾಸು, ಆಸರೆ ಅಲ್ಲ. ಇದರಲ್ಲೇ ನೋವು ಇಳಿದರೆ ನಿಮ್ಮ ಕೆಲಸ ಆಯಿತು.

ಅಚ್ಚಿನ ಇನ್ಸೋಲ್ ಬೇಕಾಗುವುದು ರೆಡಿಮೇಡ್ ಆಕಾರಕ್ಕೆ ಹೊಂದದ ಪಾದಗಳಿಗೆ. ತುಂಬಾ ಎತ್ತರದ ಕಮಾನು, ಬಾಗದ ಗಟ್ಟಿ ಪಾದ, ಒಂದು ಪಾದಕ್ಕೂ ಇನ್ನೊಂದಕ್ಕೂ ಜಾಸ್ತಿ ವ್ಯತ್ಯಾಸ, ಸಂಧಿವಾತದಿಂದ ಆಕಾರ ಕೆಟ್ಟ ಬೆರಳುಗಳು, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಅಂಗಾಲು, ಹಿಂದೆ ಹುಣ್ಣಾಗಿ ವಾಸಿಯಾದ ಜಾಗ. ರೆಡಿಮೇಡ್ ಹಾಕಿ ಸ್ವಲ್ಪ ಗುಣ ಕಂಡು ಅಲ್ಲಿಗೇ ನಿಂತುಬಿಟ್ಟವರೂ ಮಾಡಿಸಬಹುದು. ಆಸರೆಗೆ ಕಾಲು ಒಗ್ಗುತ್ತದೆ ಅಂತ ಅವರಿಗೆ ಆಗಲೇ ಗೊತ್ತಾಗಿರುತ್ತದೆ.

ಮೂರನೇ ಹೆಜ್ಜೆ: ಯಾರ ಹತ್ತಿರ, ಏನು ತೆಗೆದುಕೊಂಡು ಹೋಗಬೇಕು

ಪೊಡಿಯಾಟ್ರಿಸ್ಟ್ (ಪಾದದ ತಜ್ಞರು), ಆರ್ಥೋಟಿಸ್ಟ್ (ಮೈಗೆ ಆಸರೆ ಕೊಡುವ ಸಾಧನ ಮಾಡಿಕೊಡುವವರು), ಪಾದದ ಬಗ್ಗೆ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಈ ಕೆಲಸ ಮಾಡುತ್ತಾರೆ. ಮೂಳೆ ವೈದ್ಯರು ಪರೀಕ್ಷೆ ಮಾಡಿ ಇವರ ಹತ್ತಿರ ಕಳಿಸುವುದೂ ಉಂಟು.

ನಿಮ್ಮ ಹಳೆಯ ಶೂ ಜೋಡಿಯನ್ನು ತಪ್ಪದೆ ತೆಗೆದುಕೊಂಡು ಹೋಗಿ. ಅದರ ಅಡಿ ಸವೆದಿರುವ ರೀತಿ ನಿಮ್ಮ ನಡಿಗೆಯ ದಾಖಲೆ. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಸವೆಯುವುದು ಸಹಜ, ಅದನ್ನೇ ದೋಷ ಅಂದುಕೊಳ್ಳಬೇಡಿ. ಒಳ ಅಂಚು ಜಾಸ್ತಿ ಸವೆದಿದ್ದರೆ, ಎರಡು ಶೂ ಬೇರೆ ಬೇರೆ ರೀತಿ ಸವೆದಿದ್ದರೆ ತಜ್ಞರು ಗಮನಿಸುತ್ತಾರೆ. ಮುಂದೆ ಇನ್ಸೋಲ್ ಹಾಕಬೇಕೆಂದಿರುವ ಶೂ, ಎಕ್ಸ್‌ರೇ ಇದ್ದರೆ ಅದು, ಮೊದಲು ಬರೆದ ಹಾಳೆ, ಮೊಣಕಾಲಿನ ಮೇಲಕ್ಕೆ ಮಡಚಬಹುದಾದ ಬಟ್ಟೆ ಇರಲಿ.

ಒಳ್ಳೆಯ ಪರೀಕ್ಷೆ ಹೇಗಿರುತ್ತದೆ ಅಂತ ಗೊತ್ತಿದ್ದರೆ ಮೋಸ ಹೋಗುವುದಿಲ್ಲ. ಮಲಗಿಸಿ ಕೀಲುಗಳು ಎಷ್ಟು ಬಾಗುತ್ತವೆ ಅಂತ ಕೈಯಿಂದ ನೋಡಬೇಕು. ಮೀನಖಂಡ ಬಿಗಿಯಾಗಿದೆಯಾ ಅಂತ ಮೊಣಕಾಲು ನೇರ ಇಟ್ಟು ಒಮ್ಮೆ, ಮಡಚಿ ಒಮ್ಮೆ ಪರೀಕ್ಷಿಸಬೇಕು. ನಿಲ್ಲಿಸಿ ನೋಡಬೇಕು, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿಸಬೇಕು, ಬರಿಗಾಲಲ್ಲೂ ಶೂ ಹಾಕಿಯೂ ನಡೆಸಿ ನೋಡಬೇಕು. ಗಟ್ಟಿ ಚರ್ಮ ಎಲ್ಲೆಲ್ಲಿ ಕಟ್ಟಿದೆ ಅಂತ ಅಂಗಾಲನ್ನು ಸವರಿ ನೋಡಬೇಕು. ಒತ್ತಡ ಅಳೆಯುವ ಯಂತ್ರದ ಮೇಲೆ ನಿಲ್ಲಿಸಿ, ಪರದೆ ಮೇಲೆ ಕೆಂಪು ಹಳದಿ ಬಣ್ಣ ತೋರಿಸಿ, ಕೂಡಲೇ ಆರ್ಡರ್ ಬರೆಯಲು ಶುರು ಮಾಡಿದರೆ ಅಲ್ಲಿಂದ ಎದ್ದು ಬನ್ನಿ. ಯಂತ್ರ ಉಪಯೋಗಕ್ಕೆ ಬರುತ್ತದೆ ನಿಜ. ಆದರೆ ನಿಮ್ಮ ನೋವು ಯಾವುದರಿಂದ ಅಂತ ಅದಕ್ಕೆ ತಿಳಿಯುವುದಿಲ್ಲ.

ಹಣ ಕೊಡುವ ಮುಂಚೆ ಮೂರು ಪ್ರಶ್ನೆ ಕೇಳಿ. ಇದು ನನ್ನ ಯಾವ ನೋವಿಗೆ, ಎಷ್ಟು ದಿನದಲ್ಲಿ ವ್ಯತ್ಯಾಸ ಕಾಣಬೇಕು? ಗಟ್ಟಿಯದೋ ಮೆತ್ತಗಿನದೋ, ಯಾಕೆ? ಒತ್ತಿದರೆ, ಕಚ್ಚಿದರೆ ತಿದ್ದಿಕೊಡುವುದು ಇದರಲ್ಲೇ ಸೇರಿದೆಯಾ? ಮೂರನೇ ಪ್ರಶ್ನೆಯನ್ನು ಖಂಡಿತ ಮರೆಯಬೇಡಿ. ನಾನು ಕೇಳಿದ್ದರೆ ನನ್ನ ಇನ್ಸೋಲ್ ಆರು ತಿಂಗಳು ಬೀರುವಿನಲ್ಲಿ ಇರುತ್ತಿರಲಿಲ್ಲ.

ನಾಲ್ಕನೇ ಹೆಜ್ಜೆ: ಅಚ್ಚು ತೆಗೆಸುವುದು

ಪ್ಲಾಸ್ಟರ್ ಆಫ್ ಪ್ಯಾರಿಸ್ ಪಟ್ಟಿಯನ್ನು ಒದ್ದೆ ಮಾಡಿ ಪಾದಕ್ಕೆ ಸುತ್ತುವುದು ಹಳೆಯ ವಿಧಾನ. ಮೆತ್ತಗಿನ ಫೋಮ್ ತುಂಬಿದ ಪೆಟ್ಟಿಗೆಯಲ್ಲಿ ಪಾದ ಒತ್ತಿಸುವುದು ಇನ್ನೊಂದು. ಈಗ ಸ್ಕ್ಯಾನರ್‌ನಿಂದ ಪಾದದ ಆಕಾರವನ್ನು ನೇರವಾಗಿ ಕಂಪ್ಯೂಟರ್‌ಗೆ ತೆಗೆದುಕೊಳ್ಳುವುದೂ ಸಾಮಾನ್ಯ. ಯಾವ ವಿಧಾನ ಅನ್ನುವುದಕ್ಕಿಂತ ಪಾದವನ್ನು ಯಾವ ಭಂಗಿಯಲ್ಲಿ ಹಿಡಿದು ಅಚ್ಚು ತೆಗೆದರು ಅನ್ನುವುದು ಮುಖ್ಯ. ಭಾರ ಹಾಕಿ ನಿಂತಾಗ ಪಾದ ಅಗಲವಾಗಿ ಉದ್ದವಾಗುತ್ತದೆ, ಕಮಾನು ಇಳಿಯುತ್ತದೆ. ತೂಗುಬಿಟ್ಟಾಗ ಕಮಾನು ಏರುತ್ತದೆ. ಗಟ್ಟಿ ಇನ್ಸೋಲ್‌ಗೆ ಸಾಮಾನ್ಯವಾಗಿ ಭಾರ ಹಾಕದೆ, ಹಿಮ್ಮಡಿಯ ಕೀಲನ್ನು ನಡು ಸ್ಥಾನದಲ್ಲಿ ಹಿಡಿದು ಅಚ್ಚು ತೆಗೆಯುತ್ತಾರೆ. ಅಮೆರಿಕದ ಪೊಡಿಯಾಟ್ರಿಸ್ಟ್ ಮರ್ಟನ್ ರೂಟ್ ರೂಢಿಗೆ ತಂದ ಪದ್ಧತಿ ಇದು.

ನೀವು ಮಾಡಬೇಕಾದ್ದು ಒಂದೇ: ಕಾಲನ್ನು ಪೂರ್ತಿ ಸಡಿಲ ಬಿಡುವುದು. ಸಹಾಯ ಮಾಡೋಣ ಅಂತ ಬೆರಳು ಎತ್ತಬೇಡಿ, ಬಿಗಿ ಹಿಡಿಯಬೇಡಿ. ಫೋಮ್ ಪೆಟ್ಟಿಗೆಗೆ ನೀವಾಗಿ ಪಾದ ಒತ್ತಬೇಡಿ, ತಜ್ಞರೇ ಒತ್ತಲಿ.

ಆಮೇಲೆ ಅಚ್ಚಿಗೆ ಪ್ಲಾಸ್ಟರ್ ಸುರಿದು ಪಾದದ ಮಾದರಿ ಮಾಡುತ್ತಾರೆ. ಅದರ ಮೇಲೆ ಕಾಯಿಸಿದ ಪ್ಲಾಸ್ಟಿಕ್ ಹಾಳೆ ಹಾಕಿ, ನಡುವಿನ ಗಾಳಿ ಎಳೆದು ಕೂರಿಸುತ್ತಾರೆ. ಇವಿಎ ದಿಮ್ಮಿಯನ್ನು ಕಂಪ್ಯೂಟರ್ ಯಂತ್ರದಲ್ಲಿ ಕೆತ್ತುವುದೂ, ನೈಲಾನ್ ಪುಡಿಯಿಂದ ತ್ರೀಡಿ ಪ್ರಿಂಟ್ ಮಾಡುವುದೂ ಇದೆ. ಪ್ರಿಂಟ್ ಮಾಡಿದ್ದು ಅನ್ನುವ ಕಾರಣಕ್ಕೇ ಒಳ್ಳೆಯದು ಅಂತೇನಿಲ್ಲ.

ಐದನೇ ಹೆಜ್ಜೆ: ಶೂ

ಇನ್ಸೋಲ್ ಎಷ್ಟೇ ಚೆನ್ನಾಗಿರಲಿ, ಅದು ಕೂರುವುದು ಶೂ ಮೇಲೆ. ಅಡಿಪಾಯ ಅಲುಗಾಡಿದರೆ ಗೋಡೆ ನಿಲ್ಲುವುದಿಲ್ಲ.

ಮೊದಲು ಶೂ ಒಳಗಿನ ಹಾಸು ಹೊರಗೆ ಬರಬೇಕು. ಅದನ್ನು ತೆಗೆದೇ ಹೊಸ ಇನ್ಸೋಲ್ ಹಾಕಬೇಕು. ಒಂದರ ಮೇಲೊಂದು ಹಾಕಿದರೆ ಹಿಮ್ಮಡಿ ಮೇಲಕ್ಕೆ ಬಂದು ಜಾರುತ್ತದೆ, ಬೆರಳುಗಳು ಮೇಲಿನ ಬಟ್ಟೆಗೆ ಉಜ್ಜುತ್ತವೆ. ಹಿಮ್ಮಡಿಯ ಸುತ್ತಲಿನ ಭಾಗವನ್ನು ಎರಡು ಬೆರಳಿನಿಂದ ಹಿಂಡಿ ನೋಡಿ, ಗಟ್ಟಿ ಇರಬೇಕು. ಶೂವನ್ನು ಬಾಗಿಸಿದರೆ ಬೆರಳುಗಳು ಮಡಚುವ ಕಡೆ ಮಾತ್ರ ಬಾಗಬೇಕು, ನಡುವೆ ಬಾಗಬಾರದು. ಬಟ್ಟೆ ಹಿಂಡುವ ಹಾಗೆ ತಿರುಚಿದಾಗ ಸುಲಭವಾಗಿ ತಿರುಚಿಕೊಳ್ಳಬಾರದು. ಪಾದವನ್ನು ಹಿಡಿದಿಡಲು ಲೇಸ್ ಅಥವಾ ಪಟ್ಟಿ ಬೇಕು.

ಶೂ ಕೊಳ್ಳಲು ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಇನ್ಸೋಲ್ ಜೊತೆಗೇ ಒಯ್ದು, ಅದನ್ನು ಒಳಗಿಟ್ಟೇ ಹಾಕಿ ನೋಡಿ. ಅತಿ ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರ್‌ನಷ್ಟು ಜಾಗ ಇರಲಿ. ಇನ್ಸೋಲ್ ಶೂ ಒಳಗೆ ಅಲುಗಾಡಿದರೂ ತಪ್ಪು, ಅಂಚುಗಳು ಮಡಚಿಕೊಂಡರೂ ತಪ್ಪು. ತೆಳುವಾದ, ತಗ್ಗಾದ ಶೂ ಹಾಕಲೇಬೇಕಾದ ಕೆಲಸ ನಿಮ್ಮದಾದರೆ ಅದನ್ನು ಮೊದಲೇ ಹೇಳಿ. ಮುಕ್ಕಾಲು ಉದ್ದದ ತೆಳು ಇನ್ಸೋಲ್ ಮಾಡಿಕೊಡಬಹುದು.

ಆರನೇ ಹೆಜ್ಜೆ: ನಿಧಾನವಾಗಿ ರೂಢಿಸಿಕೊಳ್ಳುವುದು

ಮೊದಲ ದಿನ ಒಂದು ಗಂಟೆ. ಅದೂ ಮನೆಯ ಒಳಗೆ, ಸುತ್ತಮುತ್ತ. ದಿನಕ್ಕೆ ಒಂದು ಗಂಟೆ ಏರಿಸುತ್ತಾ ಹೋಗಿ. ಒಂದು ದಿನ ಕಷ್ಟ ಅನಿಸಿದರೆ ಮರುದಿನ ಏರಿಸಬೇಡಿ, ಹಿಂದಿನ ದಿನದಷ್ಟೇ ಹಾಕಿ. ಹೀಗೆ ಎರಡರಿಂದ ಮೂರು ವಾರದಲ್ಲಿ ಇಡೀ ದಿನ ಹಾಕುವ ಮಟ್ಟಕ್ಕೆ ಬರುತ್ತೀರಿ. ಇಷ್ಟು ವರ್ಷ ಒಂದು ರೀತಿಯಲ್ಲಿ ಭಾರ ಹೊತ್ತ ಸ್ನಾಯುಗಳು ಈಗ ಬೇರೆ ರೀತಿಯಲ್ಲಿ ಹೊರಬೇಕು. ಅವಕ್ಕೆ ಸಮಯ ಕೊಡಿ.

ಮೊದಲ ವಾರ ಕಮಾನಿನ ಕೆಳಗೆ ಏನೋ ಇದೆ ಅನಿಸುವುದು, ಮೀನಖಂಡದಲ್ಲಿ, ಮೊಣಕಾಲಿನ ಸುತ್ತ ಸಣ್ಣ ಆಯಾಸ ಬರುವುದು ಸಹಜ. ರಾತ್ರಿ ಮಲಗಿ ಏಳುವಷ್ಟರಲ್ಲಿ ಅದು ಹೋಗಿರಬೇಕು. ಆದರೆ ಗುಳ್ಳೆ ಎದ್ದರೆ, ಒಂದೇ ಬಿಂದುವಿನಲ್ಲಿ ಚುಚ್ಚಿದರೆ, ಬೆರಳು ಜೋಮು ಹಿಡಿದರೆ, ಮೊದಲು ಇಲ್ಲದ ಮೊಣಕಾಲು ಅಥವಾ ಸೊಂಟ ನೋವು ಶುರುವಾಗಿ ಉಳಿದುಕೊಂಡರೆ ಅದು ರೂಢಿಯ ಮಾತಲ್ಲ. ಇನ್ಸೋಲ್ ತೆಗೆದಿಟ್ಟು ತಜ್ಞರಿಗೆ ಫೋನ್ ಮಾಡಿ.

ಓಡುವವರು, ಆಟ ಆಡುವವರು ಇಡೀ ದಿನ ನಡೆಯಲು ಆರಾಮ ಆಗುವವರೆಗೆ ಕಾಯಿರಿ. ಆಮೇಲೆ ಹತ್ತು ನಿಮಿಷದ ಓಟದಿಂದ ಶುರು ಮಾಡಿ.

ಏಳನೇ ಹೆಜ್ಜೆ: ವಾಪಸ್ ಹೋಗಿ ತಿದ್ದಿಸಿಕೊಳ್ಳಿ

ಇದೇ ನಾನು ತಪ್ಪಿಸಿಕೊಂಡ ಹೆಜ್ಜೆ. ನಾಲ್ಕರಿಂದ ಆರು ವಾರಕ್ಕೆ ಎಲ್ಲ ಸರಿಯಿದ್ದರೂ ಒಮ್ಮೆ ತೋರಿಸಿ. ಕಮಾನು ಒತ್ತಿದರೆ ಬಿಸಿ ಗಾಳಿಯಿಂದ ಕಾಯಿಸಿ ಸ್ವಲ್ಪ ತಗ್ಗಿಸಬಹುದು. ಅಂಚು ಕೊರೆದರೆ ಉಜ್ಜಬಹುದು. ಹಿಮ್ಮಡಿಯ ಕೆಳಗೆ ತೆಳು ಬೆಣೆ ಸೇರಿಸಬಹುದು, ಇದ್ದದ್ದನ್ನು ತೆಗೆಯಬಹುದು. ಮುಂದಿನ ದಿಂಬನ್ನು ಕಿತ್ತು ಐದು ಮಿಲಿಮೀಟರ್ ಹಿಂದೆ ಅಂಟಿಸಬಹುದು. ಇವೆಲ್ಲ ಸ್ವಲ್ಪ ಹೊತ್ತಿನ ಕೆಲಸ.

ಹೋಗುವಾಗ "ಸರಿ ಇಲ್ಲ" ಅಂತ ಹೇಳುವ ಬದಲು ಜಾಗ ತೋರಿಸಿ. ಇನ್ಸೋಲ್ ಒತ್ತುವ ಜಾಗದ ಚರ್ಮಕ್ಕೆ ಲಿಪ್‌ಸ್ಟಿಕ್ ಹಚ್ಚಿ, ಬರಿಗಾಲಲ್ಲಿ ಇನ್ಸೋಲ್ ಮೇಲೆ ನಿಂತರೆ ಗುರುತು ಅದರ ಮೇಲೆ ಮೂಡುತ್ತದೆ. ಆ ಗುರುತನ್ನು ಹಾಗೇ ಒಯ್ಯಿರಿ. ಎಲ್ಲಿ ಉಜ್ಜಬೇಕು ಅಂತ ಊಹೆ ಮಾಡುವ ಅಗತ್ಯವೇ ಇರುವುದಿಲ್ಲ.

ಮೂರು ತಿಂಗಳು ಸರಿಯಾದ ಶೂನಲ್ಲಿ ದಿನವೂ ಹಾಕಿ, ಒಂದೆರಡು ಸಲ ತಿದ್ದಿಸಿಯೂ ಏನೂ ಬದಲಾಗದಿದ್ದರೆ ಇನ್ನೊಂದು ಜೋಡಿ ಮಾಡಿಸಲು ಹೊರಡಬೇಡಿ. ನೋವಿನ ಕಾರಣವನ್ನೇ ಮತ್ತೆ ಹುಡುಕಬೇಕು. ಬೆನ್ನಿನ ನರ ಒತ್ತಿದರೂ ಪಾದ ನೋಯುತ್ತದೆ, ಕೆಲವು ಸಂಧಿವಾತಗಳು ಮೊದಲು ಹಿಮ್ಮಡಿಯಲ್ಲೇ ತಲೆ ಎತ್ತುತ್ತವೆ.

ಸಕ್ಕರೆ ಕಾಯಿಲೆ ಇರುವವರಿಗೆ ನಿಯಮವೇ ಬೇರೆ

ನೋವು ನಮಗೆ ಕಾವಲುಗಾರ. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಸೋತಾಗ ಆ ಕಾವಲುಗಾರ ಇರುವುದಿಲ್ಲ. ಇನ್ಸೋಲ್ ಕೊರೆದು ಗಾಯವಾದರೂ ಗೊತ್ತಾಗುವುದಿಲ್ಲ. ಆದ್ದರಿಂದ ಮೇಲೆ ಹೇಳಿದ "ಒತ್ತಿದರೆ ಹೇಳಿ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮುಟ್ಟಿ ತಿಳಿಯದ್ದನ್ನು ಕಣ್ಣಿನಿಂದ ನೋಡಿ ತಿಳಿಯಬೇಕು.

ಮೊದಲು ಸ್ಪರ್ಶ ಪರೀಕ್ಷೆ ಮಾಡಿಸಿ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ, ಗೊತ್ತಾಗುತ್ತಾ ಅಂತ ಕೇಳುತ್ತಾರೆ. ಗೊತ್ತಾಗದಿದ್ದರೆ ರೆಡಿಮೇಡ್ ಇನ್ಸೋಲ್ ಪ್ರಯೋಗ ನೀವಾಗಿ ಮಾಡಬೇಡಿ. ನಿಮಗೆ ಬೇಕಾಗುವುದು ಹಲವು ಪದರದ ಮೆತ್ತಗಿನ ಇನ್ಸೋಲ್, ಅದು ಹಿಡಿಸುವಷ್ಟು ಆಳದ ಶೂ. ಹೊಸದು ಬಂದಾಗ ಒಂದು ಗಂಟೆ ಹಾಕಿ ತೆಗೆದು, ಅಂಗಾಲು, ಬೆರಳ ಸಂದು, ಪಾದದ ಅಂಚು ಎಲ್ಲ ನೋಡಿ. ಬಗ್ಗಲು ಆಗದಿದ್ದರೆ ಕನ್ನಡಿ ಬಳಸಿ, ಇಲ್ಲವೇ ಮನೆಯವರಿಂದ ನೋಡಿಸಿ. ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಯದಿದ್ದರೆ ಆ ಇನ್ಸೋಲ್ ಮತ್ತೆ ಹಾಕಬೇಡಿ, ತಿದ್ದಿಸಿ. ಗಾಯ ಆಗಲೇ ಇದ್ದರೆ ಇನ್ಸೋಲ್ ಅದಕ್ಕೆ ಚಿಕಿತ್ಸೆ ಅಲ್ಲ. ಮೊದಲು ವೈದ್ಯರು.

ದಿನವೂ ಶೂ ಹಾಕುವ ಮುಂಚೆ ಒಳಗೆ ಕೈ ಹಾಕಿ ಸವರಿ ನೋಡುವ ಅಭ್ಯಾಸ ಇರಲಿ. ಒಂದು ಸಣ್ಣ ಕಲ್ಲು, ಮಡಚಿಕೊಂಡ ಒಂದು ಅಂಚು ಸಾಕು ಹುಣ್ಣಾಗಲು.

ಮಕ್ಕಳ ಪಾದ

ಚಿಕ್ಕ ಮಕ್ಕಳ ಪಾದ ಚಪ್ಪಟೆಯಾಗೇ ಇರುತ್ತದೆ. ಕಮಾನು ಮೂಡಲು ಆರು ವರ್ಷದವರೆಗೂ, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿಯೂ ಬೇಕಾಗುತ್ತದೆ. ಮಗು ಓಡಿ ಆಡಿಕೊಂಡಿದ್ದರೆ ಇನ್ಸೋಲ್ ಬೇಡ, ಅದರಿಂದ ಕಮಾನು ಬೇಗ ಬೆಳೆಯುವುದೂ ಇಲ್ಲ. ಮಗು ಕಾಲು ನೋವು ಅಂತ ಅಳುತ್ತಿದ್ದರೆ, ಕುಂಟುತ್ತಿದ್ದರೆ, ತುದಿಗಾಲಲ್ಲಿ ನಿಂತಾಗಲೂ ಕಮಾನು ಮೂಡದಿದ್ದರೆ ತೋರಿಸಿ.

ಜೊತೆಗೆ ಮಾಡಬೇಕಾದ ವ್ಯಾಯಾಮ

ಇನ್ಸೋಲ್ ಭಾರ ಇಳಿಸಿಕೊಡುತ್ತದೆ, ಬಲ ತುಂಬುವುದು ವ್ಯಾಯಾಮ. ಹಿಮ್ಮಡಿ ನೋವಿನವರು ಬೆಳಿಗ್ಗೆ ನೆಲಕ್ಕೆ ಕಾಲಿಡುವ ಮುಂಚೆಯೇ ಹಾಸಿಗೆಯ ಮೇಲೆ ಕೂತು, ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಹಾಕಿ, ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ. ಹತ್ತು ಎಣಿಸಿ ಬಿಡಿ. ಹತ್ತು ಸಲ. ದಿನಕ್ಕೆ ಮೂರು ಬಾರಿ. ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯುವುದನ್ನೂ ಸೇರಿಸಿಕೊಳ್ಳಿ. ನೋವು ಸ್ವಲ್ಪ ಇಳಿದ ಮೇಲೆ ಮೆಟ್ಟಿಲ ಅಂಚಿನಲ್ಲಿ ಮುಂಪಾದ ಊರಿ, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸಿ. ಇದನ್ನು ದಿನ ಬಿಟ್ಟು ದಿನ ಮಾಡಿದರೆ ಸಾಕು. ಬೆರಳು ಮೇಲಕ್ಕೆ ಬಾಗಿರುವುದರಿಂದ ಹಿಕ್ಸ್ ಹೇಳಿದ ಆ ಹಗ್ಗ ಬಿಗಿಯಾಗಿ, ಅದಕ್ಕೇ ನೇರವಾಗಿ ಕೆಲಸ ಸಿಗುತ್ತದೆ.

ಬಹುತೇಕರ ಹಿಮ್ಮಡಿ ನೋವು ಆಪರೇಷನ್ ಇಲ್ಲದೆ ಒಂದು ವರ್ಷದೊಳಗೆ ಇಳಿಯುತ್ತದೆ. ಆಮೇಲೂ ಇನ್ಸೋಲ್ ಬೇಕಾ ಅಂತ ತಜ್ಞರ ಜೊತೆ ಮಾತಾಡಿ. ಕೆಲವರು ನಿಧಾನವಾಗಿ ಬಿಡಬಹುದು. ಎತ್ತರದ ಕಮಾನು, ಸಂಧಿವಾತ, ಸ್ಪರ್ಶವಿಲ್ಲದ ಪಾದ ಇರುವವರು ಬಿಡಬಾರದು.

ಕಾಪಾಡಿಕೊಳ್ಳುವುದು, ಬದಲಾಯಿಸುವುದು

ರಾತ್ರಿ ಇನ್ಸೋಲನ್ನು ಶೂನಿಂದ ಹೊರಗೆ ತೆಗೆದು ಗಾಳಿಗೆ ಇಡಿ. ಕೊಳೆಯಾದರೆ ಒದ್ದೆ ಬಟ್ಟೆಗೆ ಸ್ವಲ್ಪ ಸೋಪು ಹಾಕಿ ಒರೆಸಿ. ನೀರಲ್ಲಿ ನೆನೆಸಬೇಡಿ, ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಬಿಸಿಲಲ್ಲಿ, ಹೀಟರ್ ಮುಂದೆ, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಕಾವಿಗೆ ಆಕಾರವೇ ಕೆಡುತ್ತದೆ. ನಡೆಯುವಾಗ ಕಿರುಗುಟ್ಟಿದರೆ ಅಡಿಯಲ್ಲಿ ಸ್ವಲ್ಪ ಟಾಲ್ಕಮ್ ಪೌಡರ್ ಉದುರಿಸಿ.

ಗಟ್ಟಿ ಪ್ಲಾಸ್ಟಿಕ್‌ನದು ಕೆಲವು ವರ್ಷ ಬರುತ್ತದೆ, ಮೇಲಿನ ಹೊದಿಕೆ ಮಾತ್ರ ಬೇಗ ಸವೆಯುತ್ತದೆ. ಹೊದಿಕೆಯನ್ನಷ್ಟೇ ಹೊಸದಾಗಿ ಅಂಟಿಸಿಕೊಡುತ್ತಾರೆ. ಮೆತ್ತಗಿನದು ಅಷ್ಟು ದಿನ ಬಾಳುವುದಿಲ್ಲ. ಸಕ್ಕರೆ ಕಾಯಿಲೆಯವರು ಅದನ್ನು ವರ್ಷಕ್ಕೊಮ್ಮೆಯಾದರೂ ತೋರಿಸಬೇಕು. ಆಗಾಗ ಮೇಜಿನ ಮೇಲೆ ಎರಡೂ ಇನ್ಸೋಲ್ ಅಕ್ಕಪಕ್ಕ ಇಟ್ಟು, ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ. ಹಿಮ್ಮಡಿ ಒಂದು ಬದಿಗೆ ವಾಲಿದ್ದರೆ, ಬಿರುಕು ಕಂಡರೆ, ಫೋಮನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಮೇಲೇಳದೆ ಗುಳಿಯಾಗೇ ಉಳಿದರೆ ಮತ್ತೆ ಅಚ್ಚು ತೆಗೆಸುವ ಸಮಯ ಬಂದಿದೆ. ಹೋಗುವಾಗ ಆ ಹಳೆಯ ಜೋಡಿಯನ್ನೂ, ಅದರ ಜೊತೆ ಹಾಕಿದ ಶೂವನ್ನೂ ಒಯ್ಯಿರಿ.